ಹಿಂಬದಿ ಇಲ್ಲದ ಪುಸ್ತಕ

ನಾನು ಬರೆದ ಮೊದಲ ಇ-ಮೇಲಿನಲ್ಲಿ ಬೈಗುಳ ಬಿಟ್ಟರೆ ಬೇರೇನೂ ಇರಲಿಲ್ಲ. ಕಳಿಸುವ ಗುಂಡಿ ಒತ್ತುವಷ್ಟರಲ್ಲಿ ನಾಹಿದ ಆಪಾ ನನ್ನ ಕೈಯಿಂದ ಮೌಸ್ ಕಿತ್ತುಕೊಂಡಳು.

“ಏನಿದು?”

“ಕಂಪ್ಲೇಂಟ್.”

“ಇದು ಕಂಪ್ಲೇಂಟಲ್ಲೋ ಭೀಮಶಾ, ನಳದ ಮುಂದಿನ ಜಗಳ. ಇದನ್ನ ಓದಿದಾಂವ ಏನು ರಿಪೇರಿ ಮಾಡಬೇಕು? ತನ್ನ ಖಾಂದಾನ?”

ವಾಡಿ ಸ್ಟೇಷನ್ ರಸ್ತೆಯ ಸೈಬರ್ ಕೆಫೆಯಲ್ಲಿ ಕೂತಿದ್ದೆವು. ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಚಿತ್ತಾಪುರದ ನಮ್ಮ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಇತ್ತು, ಇಂಟರ್ನೆಟ್ ಇರಲಿಲ್ಲ. ಏನಾದರೂ ಕಳಿಸಬೇಕೆಂದರೆ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಬಂದು, ಪ್ಲೈವುಡ್ಡಿನ ಗೂಡಿನೊಳಗೆ ಮೊಣಕಾಲು ಮಡಚಿ ಕೂರಬೇಕು.

ಪ್ರೆಸ್ಸು ಗುಲಾಮ್ ರಸೂಲ್ ಚಾಚಾನದು. ಆಪಾ ಗುಲಬರ್ಗಾದಲ್ಲಿ ಡಿಪ್ಲೊಮಾ ಮುಗಿಸಿ ಬಂದು ಅಲ್ಲಿ ಪುಟ ಜೋಡಿಸುತ್ತಿದ್ದಳು. ನಾನು ಕಾಗದ ಕತ್ತರಿಸುವವನು, ಅಚ್ಚು ಹಾಕುವವನು, ಮಡಚುವವನು, ಹೊಲಿಯುವವನು. ಶಾಲೆಯ ಏಳನೇತ್ತಾದಲ್ಲಿ ಒಬ್ಬ ಮಾಸ್ತರ, “ನಿಮ್ಮಂಥವರಿಗೆ ಖಣಿ ಅದ, ಪರಸಿ ಕಲ್ಲು ಅದ, ಪುಸ್ತಕ ಯಾಕ?” ಎಂದಿದ್ದ. ಅವತ್ತೇ ಚೀಲ ತೆಗೆದುಕೊಂಡು ಎದ್ದು ಬಂದೆ. ಸಿಟ್ಟಿನಿಂದಲೇ ಪುಸ್ತಕ ಕಟ್ಟುವ ಕೆಲಸ ಹುಡುಕಿದೆ. ಆ ಸಿಟ್ಟು ಇನ್ನೂ ಆರಿಲ್ಲ, ಆರಲೂಬಾರದು.

ನಮ್ಮ ಮುಂದಿದ್ದ ಕೆಲಸ ಹೀಗಿತ್ತು. ಕನ್ನಡ ಶಾಲೆಯ ಅನಸೂಯಾಬಾಯಿಯವರು, ಉರ್ದು ಶಾಲೆಯ ಅಖ್ತರ ಬೇಗಂ, ಇಬ್ಬರು ಶಿಕ್ಷಕಿಯರೂ ಸೇರಿ ಮಕ್ಕಳ ಆಟಗಳನ್ನು ಕೂಡಿಸಿದ್ದರು. ಅಖ್ತರ ಬೇಗಂ ಅಂದರೆ ಆಪಾನ ತಾಯಿ. ಎರಡೂ ಶಾಲೆಗಳ ನಡುವೆ ಗೋಡೆ ಇದೆ, ಬಯಲು ಮಾತ್ರ ಒಂದೇ. ಲಗೋರಿ, ಗಿಲ್ಲಿದಾಂಡು, ಗೋಲಿ, ಕುಂಟಾಟ, ಎಲ್ಲ ಆ ಬಯಲಿನವೇ. ಕನ್ನಡ ಓದುವ ಮಗು ಎಡಗಡೆಯ ರಟ್ಟಿನಿಂದ ತೆರೆಯಬೇಕು, ಉರ್ದು ಓದುವ ಮಗು ಬಲಗಡೆಯ ರಟ್ಟಿನಿಂದ. ಇಬ್ಬರೂ ಓದುತ್ತ ಓದುತ್ತ ನಡುವಿಗೆ ಬಂದರೆ ಅಲ್ಲಿ ಎರಡು ಪುಟದ ಅಗಲಕ್ಕೆ ಚೌಕಾಬಾರದ ಪಟ. ಅಲ್ಲೇ ಹುಣಸೇಬೀಜ ಹಾಕಿ ಆಡಬೇಕು.

“ಈ ಪುಸ್ತಕಕ್ಕ ಎರಡು ಮುಖ ಅದಾವ, ಹಿಂಬದಿನೇ ಇಲ್ಲ” ಎಂದಿದ್ದರು ಅನಸೂಯಾಬಾಯಿ. ಆ ಮಾತು ಕೇಳಿದಾಗಿನಿಂದ ಆ ಪುಸ್ತಕ ನನ್ನದೇ ಅನ್ನಿಸಿಬಿಟ್ಟಿತ್ತು.

ಮೊದಲು ಪ್ರೆಸ್ಸಿನಲ್ಲಿದ್ದದ್ದು ಕಳ್ಳ ಪ್ರತಿಯ ಸಾಫ್ಟ್‌ವೇರ್. ವೈರಸ್ ಬಂದು ಅದು ಸತ್ತಿತು. ಆಪಾ ಗುಲಬರ್ಗಾದ ಗೆಳತಿಯಿಂದ ಒಂದು ಸಿ.ಡಿ. ತಂದಳು. ಪುಟ ಜೋಡಿಸುವ ಪ್ರೋಗ್ರಾಂ, ದುಡ್ಡು ಕೊಡಬೇಕಿಲ್ಲ. ಚಾಚಾ ಮೂಗು ಮುರಿದ. “ಮುಫತ್ ಮಾಲು. ಇವತ್ತು ನಡೀತದ, ನಾಳಿ ಕೈ ಕೊಡ್ತದ.”

“ಮುಫತ್ ಅಂತಷ್ಟೇ ಅಲ್ಲ ಚಾಚಾ. ಅದರ ಹೊಟ್ಟಿಯೊಳಗ ಏನದ ಅಂತ ಯಾರು ಬೇಕಾದ್ರೂ ನೋಡಬಹುದು. ಕೆಟ್ಟಿದ್ರ ತಿದ್ದಬಹುದು. ತಿದ್ದಿದ್ದು ವಾಪಸ್ ಕೊಡಬಹುದು.”

“ಯಾರು ಬೇಕಾದ್ರೂ ಅಂದ್ರ ಯಾರು? ನಮ್ಮ ಭೀಮಶಾನೂ?” ಎಂದು ಚಾಚಾ ನಕ್ಕ. ನಾನು ನಗಲಿಲ್ಲ.

ಚಾಚಾ ಹೇಳಿದಂತೆಯೇ ಆ ಪ್ರೋಗ್ರಾಂ ಕೈ ಕೊಟ್ಟಿತು. ಪುಟಗಳನ್ನು ಮಡಿಕೆಗೆ ತಕ್ಕಂತೆ ತಾನೇ ಹೊಂದಿಸಿಕೊಡುವ ಒಂದು ಅನುಕೂಲ ಅದರಲ್ಲಿತ್ತು. ಆದರೆ ಪುಸ್ತಕ ಅಂದರೆ ಒಂದೇ ಕಡೆಯಿಂದ ತೆರೆಯುವುದು ಅಂತ ಅದು ನಂಬಿತ್ತು. ಕನ್ನಡ ಮುಗಿದ ಕೂಡಲೇ ನಡುವೆಯೇ ಉರ್ದುವಿನ ಮೊದಲ ಪುಟ ತಂದಿಡುತ್ತಿತ್ತು. ಅದು ಇರಬೇಕಾದದ್ದು ಬಲರಟ್ಟಿನ ಹತ್ತಿರ. ಆಪಾ ಒಮ್ಮೆ ಪುಟಗಳನ್ನೆಲ್ಲ ಕೈಯಿಂದಲೇ ಹಿಂದುಮುಂದು ಮಾಡಿ ಸರಿಪಡಿಸಿದಳು. ಮರುದಿನ ಅವಳ ಅಮ್ಮಿ ಇನ್ನೊಂದು ಆಟ ಬರೆದು ತಂದರು, ಮತ್ತೆ ಎಲ್ಲ ಕಲಸಿತು. ಸಾಲದ್ದಕ್ಕೆ, ನಾನು ಅಚ್ಚು ಹಾಕಿ ನೋಡಿದರೆ ಹಾಳೆಯ ಹಿಂದಿನ ಪುಟಗಳು ತಲೆಕೆಳಗೆ.

ಚಾಚಾ ಸುತ್ತು ಬಳಸಲಿಲ್ಲ. “ಶಾಲಿ ಶುರು ಆಗೂದ್ರಾಗ ಮಾಲು ಕೊಡಬೇಕು. ಅಷ್ಟರಾಗ ಆಗಲಿಲ್ಲಂದ್ರ ಎರಡು ಪುಸ್ತಕ ಮಾಡಿಬಿಡ್ರಿ. ಕನ್ನಡದ್ದು ಕನ್ನಡಕ್ಕ, ಉರ್ದುದು ಉರ್ದುಕ್ಕ.”

“ನಡುವಿನ ಪಟ?”

“ಅರ್ಧ ಇದರಾಗ, ಅರ್ಧ ಅದರಾಗ.”

ಅರ್ಧ ಚೌಕಾಬಾರ ಯಾರು ಆಡುತ್ತಾರೆ? ಆ ಸಿಟ್ಟಿನಲ್ಲೇ ನಾನು ವಾಡಿಗೆ ಬಂದು, ಪ್ರೋಗ್ರಾಂ ಮಾಡಿದವರಿಗೆ ಆ ಮೇಲ್ ಬರೆಯಲು ಕೂತದ್ದು.

ಆಪಾ ನಾನು ಬರೆದದ್ದನ್ನೆಲ್ಲ ಅಳಿಸಿದಳು. “ದವಾಖಾನಿಗೆ ಹೋಗಿ ಡಾಕ್ಟರಗ ಬೈತೀಯೇನು? ಎಲ್ಲಿ ನೋಯಾಕತ್ತದ, ಏನು ತಿಂದಿದ್ದಿ, ಆಮ್ಯಾಲ ಏನಾತು ಅಂತ ಹೇಳ್ತಿ. ಇಲ್ಲೂ ಅಷ್ಟೇ. ನಾವು ಏನು ಮಾಡಿದಿವಿ, ಏನು ಬರಬೇಕಿತ್ತು, ಏನು ಬಂತು.”

ಬರೆಯುವ ಮೊದಲು ಇನ್ನೊಂದು ಕೆಲಸ ಹಚ್ಚಿದಳು. ಜನ ಹಿಂದೆ ಕಳಿಸಿದ ದೂರುಗಳೆಲ್ಲ ಆ ಪ್ರೋಗ್ರಾಮಿನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇದ್ದವು. ಅವನ್ನು ಓದಬೇಕಂತೆ. “ನಮ್ಮಕಿಂತ ಮೊದಲು ಯಾರಾದರೂ ಇದೇ ತಾಪತ್ರಯಕ್ಕ ಅತ್ತಾರೇನು ನೋಡು. ಅತ್ತಿದ್ರ ಅವರ ಬಾಜೂಕ ಕುಂದ್ರೋಣು. ಬ್ಯಾರೆ ರಂಪ ಬ್ಯಾಡ.” ಆಪಾ ಓದಿ ಅರ್ಥ ಹೇಳುತ್ತ ಹೋದಳು, ನಾನು ಕೇಳುತ್ತ ಹೋದೆ. ಕೊನೆಗೂ ಸಿಕ್ಕಿತು. ತೆಹ್ರಾನಿನ ಒಬ್ಬ ಬಹಳ ಹಿಂದೆಯೇ ಬರೆದಿದ್ದ, ಬಲಗಡೆಯಿಂದ ತೆರೆಯುವ ಪುಸ್ತಕ ಸರಿಯಾಗಿ ಬರುತ್ತಿಲ್ಲ ಅಂತ. ಪ್ರೋಗ್ರಾಂ ಮಾಡಿದವರು ಮಾದರಿ ಕಳಿಸು ಅಂದಾಗ ಅವನ ಹತ್ತಿರ ಮಾದರಿ ಇರಲಿಲ್ಲ. ಮಾತು ಅಲ್ಲಿಗೇ ನಿಂತಿತ್ತು.

ನಮ್ಮ ಹತ್ತಿರ ಮಾದರಿ ಇತ್ತು. ಅವನ ದೂರಿನ ಕೆಳಗೆ ನಮ್ಮದನ್ನು ಬರೆದೆವು. ಪುಸ್ತಕದ ಫೈಲನ್ನು, ತಪ್ಪಾಗಿ ಬಂದ ಹಾಳೆಯ ಚಿತ್ರವನ್ನು ಜೊತೆಗಿಟ್ಟೆವು. ಹಿಂಬದಿ ತಲೆಕೆಳಗಾಗುವ ವಿಷಯವನ್ನೂ ಸೇರಿಸಿದೆವು. ಇಂಗ್ಲಿಷ್ ಆಪಾನದು, ಹಠ ನನ್ನದು.

ಮುಂದಿನ ವಾರ ಹೋದಾಗ ಉತ್ತರ ಬಂದಿತ್ತು. ಆ ಪ್ರೋಗ್ರಾಮನ್ನು ನೋಡಿಕೊಳ್ಳುವವರಲ್ಲಿ ಒಬ್ಬಾಕೆ ಬರೆದಿದ್ದಳು. ಯಾವ ದೇಶದವಳೋ, ಇಂದಿಗೂ ನನಗೆ ಗೊತ್ತಿಲ್ಲ. ಇಂಥ ಪುಸ್ತಕವನ್ನು ತಾನು ನೋಡಿರಲೇ ಇಲ್ಲ, ಬಹಳ ಚೆಂದ ಇದೆ ಅಂದಿದ್ದಳು. ಆಮೇಲೆ ಒಂದು ಪ್ರಶ್ನೆ. ಎರಡನೇ ಬದಿ ಅಚ್ಚು ಹಾಕುವಾಗ ಹಾಳೆಯನ್ನು ಹೇಗೆ ತಿರುಗಿಸುತ್ತೀರಿ?

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. “ಹಾಳಿ ತಿರುವೂದು ನನಗ ಕಲಿಸ್ತಾಳೇನು? ನನ್ನ ಕೈಯಾಗ ಎಷ್ಟು ಕಾಗದ ಹಾದುಹೋಗ್ಯಾವ ಆಕಿಗೇನು ಗೊತ್ತು?”

“ಕಲಿಸಿಲ್ಲ, ಕೇಳ್ಯಾಳ” ಎಂದಳು ಆಪಾ. “ಮನಿಗೆ ಬಂದವರನ್ನ ಚಾ ಕುಡೀತೀರೇನು ಅಂತ ಕೇಳಿದ್ರ ಚಾ ಕುಡಿಯೂದು ಕಲಿಸಿದಂಗೇನು? ತಗೋ, ತಿರುವಿ ತೋರಸು.”

ಮೇಜಿನ ಮೇಲಿದ್ದ ಒಂದು ಜಾಹೀರಾತಿನ ಚೀಟಿ ನನ್ನ ಮುಂದಿಟ್ಟಳು, ಇನ್ನೊಂದು ತನ್ನ ಮುಂದೆ. ಎರಡರ ಮೂಲೆಗೂ ಪೆನ್ನಿನಿಂದ ಗುರುತು ಹಾಕಿದಳು. ಇಬ್ಬರೂ ತಿರುವಿದೆವು. ಅವಳ ಚೀಟಿ ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿತು. ನನ್ನದು ತಲೆಯ ಜಾಗಕ್ಕೆ ಕಾಲು ಬಂದು ಬಿತ್ತು.

“ಹಿಂಗ್ಯಾಕ ತಿರುವ್ತಿ?”

“ಹಿಂಗೇ ತಿರುವೂದು.”

“ಯಾರು ಹೇಳಿದ್ರು?”

“ಮಜೀದಸಾಬ.”

ಮಜೀದಸಾಬ ನಮ್ಮ ಪ್ರೆಸ್ಸಿನ ಹಳೆಯ ಮೆಷಿನ್‌ಮನ್. ಕೆಲಸ ಬಿಟ್ಟಿದ್ದರೂ ದಿನಾ ಬಂದು ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ನನಗೆ ಕೆಲಸ ಕಲಿಸಿದ್ದು ಅವನೇ. ಊರಿಗೆ ಬಂದ ಕೂಡಲೇ ಕೇಳಿದೆವು. ಆತ ಬೀಡಿ ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

“ಅರೆ ಬೇಟಾ, ಆ ಹಳೇ ಕಾಲಿಲೆ ತುಳಿಯೂ ಟ್ರೆಡಲ್ ಮೆಷಿನ್ನಿಗೆ ಹಾಳಿ ತಾಗಿಸಿ ನಿಲ್ಲಸೂ ಗೇಜ್ ಒಂದು ಬಾಜೂ ಮುರದಿತ್ತು. ಸೀದಾ ತಿರುವಿದ್ರ ಹಾಳಿ ಜಾರತಿತ್ತು. ಅದಕ್ಕ ತಲಿಕೆಳಗ ತಿರುವತಿದ್ವಿ. ಅಚ್ಚಿನ ಮೊಳಿ ಜೋಡಸಾಂವ ಹಿಂದಿನ ಪುಟಾನೂ ಹಂಗೇ ಉಲ್ಟಾ ಜೋಡಸತಿದ್ದ.”

“ಆ ಮೆಷಿನ್ ಗುಜರಿಗೆ ಹೋಗಿ ಎಷ್ಟು ವರ್ಷ ಆತು ಮಾಮು!” ಎಂದಳು ಆಪಾ.

“ಮೆಷಿನ್ ಹೋತು. ಕೈ ಎಲ್ಲಿ ಹೋಗತಾವ?”

ಆಮೇಲೆ ತಿಳಿಯಿತು, ಕಳ್ಳ ಪ್ರತಿಯ ಕಾಲದಲ್ಲೂ, ಆಪಾ ಬರುವ ಮೊದಲು ಪುಟ ಜೋಡಿಸುತ್ತಿದ್ದವನು ಹಿಂಬದಿಯನ್ನು ತಲೆಕೆಳಗೆ ಇಟ್ಟೇ ಕೊಡುತ್ತಿದ್ದ. ಎಂದೋ ಮುರಿದ ಒಂದು ಕಬ್ಬಿಣದ ತುಂಡಿಗಾಗಿ ನಮ್ಮ ಪ್ರೆಸ್ಸಿನ ಎಲ್ಲ ಕೈಗಳೂ ಬಾಗಿದ್ದವು.

ಇದನ್ನು ಅವರಿಗೆ ಬರೆಯುವುದು ಬೇಡ, ನಗುತ್ತಾರೆ ಅಂದೆ. ಆಪಾ ಕೇಳಲಿಲ್ಲ. ಟ್ರೆಡಲ್, ಗೇಜ್, ಮಜೀದಸಾಬನ ಹೆಸರು, ಎಲ್ಲ ಹಾಕಿ ಬರೆದಳು. ಬಂದ ಉತ್ತರದಲ್ಲಿ ನಗು ಇತ್ತು, ಆದರೆ ನಮ್ಮನ್ನು ನೋಡಿ ನಕ್ಕದ್ದಲ್ಲ. ಹಾಳೆ ಹೇಗೆ ತಿರುಗಿಸಬೇಕೆಂದು ತಮ್ಮ ಸಹಾಯದ ಪುಟದಲ್ಲಿ ಎಲ್ಲೂ ಬರೆದೇ ಇಲ್ಲ, ಅದು ತಮ್ಮ ಕೊರತೆ, ನೀವು ಬರೆದುಕೊಡುತ್ತೀರಾ ಅಂತ ಕೇಳಿದ್ದಳು. ಪುಟಗಳ ಕ್ರಮದ ದೂರು ಮಾತ್ರ ಖರೆ. ಆ ಕ್ರಮವನ್ನು ಲೆಕ್ಕ ಹಾಕುವ ಭಾಗ ಇಂಥ ಫೈಲಿನಲ್ಲಿದೆ. ಬಿಚ್ಚಿ ನೋಡುವ ಮನಸ್ಸಿದೆಯಾ? ಸಿಕ್ಕಿಕೊಂಡಲ್ಲಿ ಕೇಳಿ.

“ನನಗ ಹೇಳಾಕತ್ತಾಳೇನು ಇದನ್ನ?” ಎಂದೆ. “ಏಳನೇತ್ತಾ ಬಿಟ್ಟಾಂವ ಅಂತ ಬರಿ ಆಕಿಗೆ.”

“ಆಕಿ ಕೇಳ್ಯಾಳೇನು?”

ಕೇಳಿರಲಿಲ್ಲ. ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿಸಿದೆ. ಎಷ್ಟು ಓದಿದ್ದೀ, ಯಾವ ಊರು, ಯಾರ ಪೈಕಿ, ಒಂದೂ ಇಲ್ಲ. ‘ಎಲ್ಲರಿಗೂ ಪ್ರವೇಶ’ ಅಂತ ಹಲಗೆ ಹಾಕಿದ ಬಾಗಿಲುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಳಗೆ ಕಾಲಿಟ್ಟ ಕೂಡಲೇ ಆ ಎಲ್ಲರಲ್ಲಿ ನಾನಿಲ್ಲ ಎಂದು ಗೊತ್ತಾಗುತ್ತದೆ. ಇಲ್ಲಿ ಹಲಗೆಯೇ ಇರಲಿಲ್ಲ. ಸೀದಾ ಕೆಲಸ ಕೈಗಿಟ್ಟಿದ್ದರು. ನನ್ನ ಸಿಟ್ಟಿಗೆ ಜೀವನದಲ್ಲಿ ಮೊದಲ ಬಾರಿ ಏನು ಮಾಡಬೇಕೋ ತಿಳಿಯಲಿಲ್ಲ.

ಆಪಾ ಆ ಫೈಲನ್ನು ಹಳೆಯ ಲಗ್ನಪತ್ರಿಕೆಗಳ ಪ್ರೂಫಿನ ಹಿಂಬದಿಗೆ ಮುದ್ರಿಸಿಕೊಟ್ಟಳು. ಮುಂದೆ ಗಣಪತಿ, ಹಿಂದೆ ಪ್ರೋಗ್ರಾಂ. ನನಗೆ ಆ ಭಾಷೆ ಬರುತ್ತಿರಲಿಲ್ಲ. ಅವಳು ಒಂದೊಂದು ಸಾಲಿಗೂ ಅರ್ಥ ಹೇಳಿದಳು. ಇದು ‘ಹೀಗಿದ್ದರೆ’, ಇದು ‘ಇಲ್ಲದಿದ್ದರೆ’, ಇದು ‘ಮುಗಿಯುವ ತನಕ ಮತ್ತೆ ಮಾಡು’. ನಾನು ಕಾಗದ ಮಡಚಿ ಪುಟ್ಟ ಪುಸ್ತಕ ಮಾಡಿ ಪ್ರತಿ ಪುಟಕ್ಕೂ ಅಂಕಿ ಹಾಕಿ ಬಿಚ್ಚಿದೆ. ಹಾಳೆಯ ಒಂದು ಬದಿಗೆ ಬೀಳುವ ಎರಡು ಪುಟಗಳ ಅಂಕಿ ಕೂಡಿಸಿದರೆ ಯಾವ ಹಾಳೆಗೂ ಮೊತ್ತ ಒಂದೇ. ಆ ಕೂಡಿಸುವ ಸಾಲನ್ನು ಫೈಲಿನಲ್ಲಿ ಹುಡುಕಿದೆ. ಸಿಕ್ಕಿತು! ಜಾತ್ರೆಯಲ್ಲಿ ತಪ್ಪಿಸಿಕೊಂಡ ಹುಡುಗ ತನ್ನವರನ್ನು ಕಂಡ ಹಾಗೆ ಕೂಗಿದೆ.

ಇಬ್ಬರೂ ಸೇರಿ ಆ ಸಾಲುಗಳನ್ನು ಬದಲಿಸಿದೆವು. ಪುಸ್ತಕದ ಎರಡನೇ ಅರ್ಧವನ್ನು ಹಿಂದಿನಿಂದ ಎಣಿಸುವಂತೆ ಮಾಡಿದೆವು. ಬದಲಿಸಿದ ಪ್ರೋಗ್ರಾಂ ನಮ್ಮ ಕಂಪ್ಯೂಟರಿನಲ್ಲಿ ಓಡಿತು, ಉರ್ದು ಪುಟಗಳು ತಮ್ಮ ಜಾಗಕ್ಕೆ ಹೋಗಿ ಕೂತವು. ವಾಡಿಗೆ ಓಡಿ ಕಳಿಸಿದೆವು.

ವಾಪಸ್ ಬಂತು. ನಿಮ್ಮ ಪುಸ್ತಕ ಸರಿಯಾಗಿದೆ, ಆದರೆ ಈಗ ಉಳಿದ ಎಲ್ಲರ ಪುಸ್ತಕ ಕೆಟ್ಟಿದೆ, ನೋಡಿ ಅಂತ ಒಂದು ಸಾದಾ ಪುಸ್ತಕದ ಚಿತ್ರ ಇಟ್ಟಿದ್ದಳು. ಅದರ ಅರ್ಧ ಪುಟಗಳು ಹಿಂದುಮುಂದಾಗಿದ್ದವು.

ಆಪಾ ನನ್ನ ಕಡೆ ತಿರುಗಿದಳು. “ಅವರು ಎಲ್ಲಾ ಪುಸ್ತಕ ಒಂದೇ ಕಡಿಂದ ಅಂತ ತಿಳಕೊಂಡಾರಂತ ಎಷ್ಟು ಹಾರಾಡಿದಿ. ನೀ ಏನು ಮಾಡಿದಿ? ದುನಿಯಾದ ಪುಸ್ತಕ ಎಲ್ಲಾ ನಿನ್ನ ಪುಸ್ತಕ ಆಗಬೇಕೇನು?”

ಮತ್ತೆ ಕೂತೆವು. ಈ ಸಲ, ಎರಡನೇ ಮುಖ ಎಲ್ಲಿಂದ ಶುರು ಅಂತ ಕೇಳುವ ಒಂದು ಖಾಲಿ ಮನೆ ಇಟ್ಟೆವು. ಅದರಲ್ಲಿ ಏನೂ ತುಂಬದಿದ್ದರೆ ಎಲ್ಲ ಮೊದಲಿನಂತೆ. ಅದೂ ವಾಪಸ್ ಬಂತು. ಈ ಮನೆಗೆ ಇಟ್ಟ ಹೆಸರು ಬೇರೆಯವರಿಗೆ ತಿಳಿಯುವುದಿಲ್ಲ, ಬದಲಿಸಿ. ಪುಟಗಳ ಸಂಖ್ಯೆ ಬೆಸ ಆದರೆ ಏನಾಗುತ್ತದೆ, ನೋಡಿದಿರಾ? ಪ್ರತಿ ಸಲವೂ ನಾನು ಸಿಡಿಯುತ್ತಿದ್ದೆ, ಪ್ರತಿ ಸಲವೂ ಅವಳು ಹೇಳಿದ್ದು ಸರಿಯಿರುತ್ತಿತ್ತು. ತಪ್ಪು ತೋರಿಸುವಾಗ ಅವಳು ತಪ್ಪನ್ನಷ್ಟೇ ತೋರಿಸುತ್ತಿದ್ದಳು, ನನ್ನನ್ನಲ್ಲ. ಶಾಲೆಯಲ್ಲಿ ಇಂಥವರು ಒಬ್ಬರಿದ್ದಿದ್ದರೂ ಸಾಕಿತ್ತು. ನಡುವೆ ಒಮ್ಮೆ ಆ ತೆಹ್ರಾನಿನವನೂ ಬಂದ. ನಾವು ತಿದ್ದಿದ್ದನ್ನು ತನ್ನಲ್ಲಿ ಹಾಕಿ ನೋಡಿದ್ದನಂತೆ. ನಡೆಯುತ್ತಿದೆ, ಇಷ್ಟು ದಿನ ಕಾದಿದ್ದೆ ಅಂತ ಬರೆದಿದ್ದ.

ಅಷ್ಟರಲ್ಲಿ ಮಾವಿನಹಣ್ಣಿನ ಕಾಲ ಮುಗಿಯುತ್ತ ಬಂದಿತ್ತು. ಚಾಚಾ ಒಂದು ಬೆಳಿಗ್ಗೆ ಬೀಗ ತೆಗೆಯುತ್ತಲೇ ಅಂದ. “ಇವತ್ತು ಅಚ್ಚಿನ ಪ್ಲೇಟಿಗೆ ಹೋಗಬೇಕು. ಒಂದು ಪುಸ್ತಕ ಆದ್ರ ಒಂದು, ಇಲ್ಲಂದ್ರ ಎರಡು. ನಿಮ್ಮ ಪರದೇಶದ ಬೀಗರು ಒಪ್ಪಿದ್ರೇನು?”

“ಇನ್ನೂ ಇಲ್ಲ” ಎಂದಳು ಆಪಾ. “ಅವರು ಒಪ್ಪೂತನಕ ಕಾಯಬೇಕಂತಿಲ್ಲ ಚಾಚಾ. ನಾವು ತಿದ್ದಿದ ಪ್ರತಿ ನಮ್ಮ ಕೈಯಾಗ ಅದ.”

ಅದೇ ಹೊತ್ತಿಗೆ ಶಾಲೆಯ ಇಬ್ಬರು ಬಾಯಾರೂ ಬಂದರು. ಅಖ್ತರ ಬೇಗಂ ಕೈಯಲ್ಲಿ ಒಂದು ಕಾಗದ.

“ಸನ್ನತಿ ಊರಿನ ಹುಡುಗಿಯರು ಹೊಳಿ ದಂಡ್ಯಾಗ ಆಡೂ ಒಂದು ಆಟ ಸಿಕ್ಕದ” ಎಂದರು. “ಇದೊಂದು ಸೇರಸ್ರಿ.”

ಚಾಚಾ ತಲೆ ಹಿಡಿದುಕೊಂಡ. “ಯಾ ಅಲ್ಲಾ! ಮದವಿ ಮಂಟಪದಾಗ ಕುಂತಮ್ಯಾಲೆ ಹುಡುಗಿ ಬದಲ ಮಾಡೂ ಮಂದಿ ನೀವು!”

“ಬರೆ ಒಂದು ಆಟ, ಭಾಯಿಸಾಬ” ಎಂದರು ಅನಸೂಯಾಬಾಯಿ. “ಪಾಠ ಅಲ್ಲಲ್ಲ.”

ಆಪಾ ಆಟವನ್ನು ಟೈಪ್ ಮಾಡಿ ಉರ್ದು ಅರ್ಧದಲ್ಲಿ ಸೇರಿಸಿದಳು. ಬೆರಳು ಗುಂಡಿಯ ಮೇಲಿಟ್ಟು ನನ್ನ ಕಡೆ ನೋಡಿದಳು. “ಒತ್ತು.”

ಒತ್ತಿದೆ. ಉರ್ದುವಿನ ಪುಟಗಳು ಬಲರಟ್ಟಿನಿಂದ ಎಣಿಸಿಕೊಳ್ಳುತ್ತ ನಡುವಿನ ಕಡೆಗೆ ಸರಿದವು, ಹೊಸ ಆಟ ತನ್ನ ಸರದಿಯಲ್ಲಿ ನಿಂತಿತು. ಮಾದರಿ ಅಚ್ಚು ಹಾಕಲು ಹಾಳೆ ಕೈಗೆತ್ತಿಕೊಂಡೆ. ಕೈ ತಲೆಕೆಳಗೆ ತಿರುವಲು ಹೋಯಿತು. ಬಾಗಿಲ ಬಳಿಯಿಂದ ಮಜೀದಸಾಬ ಕೂಗಿದ. “ಬಾಜೂಕ, ಬೇಟಾ, ಬಾಜೂಕ!” ಪಕ್ಕಕ್ಕೆ ಮಗುಚಿದೆ.

ಮಡಚಿದೆ. ಬೆನ್ನಿನ ಮೇಲೆ ಉಗುರೆಳೆದೆ. ತೆರೆದೆ. ನಡುವೆ ಚೌಕಾಬಾರದ ಪಟ, ಎಡಪುಟದ ಗೆರೆ ಬಲಪುಟದ ಗೆರೆಗೆ ಕೂದಲೆಳೆಯೂ ತಪ್ಪದೆ ಕೂಡಿತ್ತು.

ಚಾಚಾ ನನ್ನ ಕೈಯಿಂದ ಕಸಿದುಕೊಂಡ. ಕನ್ನಡದ ಕಡೆಯಿಂದ ಒಂದೊಂದೇ ಪುಟ ತಿರುವುತ್ತ ಪಟಕ್ಕೆ ಬಂದ. ಮುಚ್ಚಿದ, ಮಗುಚಿದ, ಉರ್ದುವಿನ ಕಡೆಯಿಂದ ತಿರುವುತ್ತ ಪಟಕ್ಕೆ ಬಂದ. ಮತ್ತೆ ಮುಚ್ಚಿ ಎರಡೂ ರಟ್ಟು ನೋಡಿದ. ಆಮೇಲೆ ಭಾರೀ ಚಿಂತೆಯಿಂದ ಕೇಳಿದ.

“ಪ್ರೆಸ್ಸಿನ ಹೆಸರು ಹಿಂದಿನ ರಟ್ಟಿನ ಮ್ಯಾಲ ಹಾಕತೀವಿ. ಇದಕ್ಕ ಹಿಂದ ಎಲ್ಲದ?”

ಬಾಯಾರಿಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಪಟದ ಕೆಳಗ ಹಾಕ್ರಿ” ಎಂದರು ಅನಸೂಯಾಬಾಯಿ. “ಅಲ್ಲಿಗೆ ಎಲ್ಲಾರೂ ಬರ್ತಾರ.”

ಪುಸ್ತಕಗಳು ಅಚ್ಚಾದವು. ಹೊಲಿದು, ಬೆನ್ನು ಕೂರಲೆಂದು ಶಹಾಬಾದಿನ ಪರಸಿ ಕಲ್ಲಿನ ಕೆಳಗೆ ಇಟ್ಟೆ. ನಮ್ಮ ಕೆಲಸ ಮುಗಿಯಿತು ಅಂದುಕೊಂಡರೆ ಆಪಾ ಬಿಡಲಿಲ್ಲ. “ಸಹಾಯದ ಪುಟ ಯಾರು ಬರೀತಾರ? ನಿಮ್ಮಪ್ಪ?”

“ಪುಸ್ತಕ ಆತಲ್ಲ ಆಪಾ. ಇನ್ನ್ಯಾಕ?”

“ನೀ ಬಂದಾಗ ಆಕಿ ನಿನಗ ಹಂಗ ಅಂದಿದ್ರ? ನನ್ನ ಪುಸ್ತಕ ಆಗೇದ, ನಿಂದು ನೀ ನೋಡಕೋ ಅಂತ?” ಅವಳ ದನಿಯಲ್ಲಿ ಸಿಟ್ಟಿತ್ತು. ಇಷ್ಟು ದಿನ ನನ್ನ ಸಿಟ್ಟನ್ನೆಲ್ಲ ತಾಳಿಕೊಂಡವಳಿಗೆ ತನ್ನದೂ ಇತ್ತು, ಅದನ್ನು ಅವಳು ಸರಿಯಾದ ಜಾಗಕ್ಕೆ ಉಳಿಸಿಕೊಂಡಿದ್ದಳು. “ನಿನ್ನ ಹಿಂದ ಒಬ್ಬಾಂವ ಬರ್ತಾನ. ಅಂವಗೂ ನಿನ್ನಂಥಾದೇ ಕೈ ಇರ್ತಾವ. ಬರಿ.”

ಬರೆದೆ. ನಾನು ಕನ್ನಡದಲ್ಲಿ, ಅವಳು ಇಂಗ್ಲಿಷಿನಲ್ಲಿ. ಹಾಳೆಯ ಮೂಲೆಗೆ ಗುರುತು ಹಾಕಿ, ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುವಿ, ಗುರುತು ಎಲ್ಲಿ ಬಂತು ನೋಡಿ. ಹಿಂಬದಿ ತಲೆಕೆಳಗಾದರೆ ಮೊದಲು ನಿಮ್ಮ ಕೈಗಳನ್ನು ನೋಡಿ, ಆಮೇಲೆ ನಮ್ಮನ್ನು ಬೈಯಿರಿ. ಕೊನೆಯ ಮಾತು ನನ್ನದು. ಆಪಾ ಅಳಿಸಲು ಹೋಗಿ, ಯಾಕೋ ಬಿಟ್ಟಳು.

ಪರಸಿಯ ಕೆಳಗಿನಿಂದ ಪುಸ್ತಕ ತೆಗೆಯುವ ಹೊತ್ತಿಗೆ ವಾಡಿಯಿಂದ ಆಪಾ ಸುದ್ದಿ ತಂದಳು. ನಮ್ಮ ಸಾಲುಗಳನ್ನು ಮೂಲ ಪ್ರೋಗ್ರಾಮಿಗೆ ಸೇರಿಸಿದ್ದರು. ಆ ಕೊನೆಯ ಮಾತನ್ನೂ ಹಾಗೇ ಇಟ್ಟಿದ್ದರು. ಕೆಲಸ ಮಾಡಿದವರ ಹೆಸರುಗಳ ಸಾಲಿನಲ್ಲಿ ನಾಹಿದ, ಭೀಮಶಾ, ಅದರ ಕೆಳಗೆ ಮಜೀದಸಾಬ.

“ನಂದ್ಯಾಕ?” ಎಂದು ಮಜೀದಸಾಬ ಗಾಬರಿಯಾದ. “ನಾ ಕಂಪ್ಯೂಟರ್ ಮುಟ್ಟಿಲ್ಲಪ್ಪಾ!”

“ಹಾಳಿ ಹ್ಯಾಂಗ ತಿರುವಬಾರದು ಅಂತ ದುನಿಯಾಕ್ಕ ತಿಳಿಸಿದ್ದಕ್ಕ” ಎಂದಳು ಆಪಾ.

ಶಾಲೆ ಶುರುವಾದ ದಿನ ಕಟ್ಟುಗಳನ್ನು ನಾನೇ ಹೊತ್ತು ಒಯ್ದೆ. ಬಹಳ ವರ್ಷಗಳ ಮೇಲೆ ಶಾಲೆಯ ಗೇಟು ದಾಟಿದ್ದು. ಬೇವಿನ ನೆರಳಲ್ಲಿ ಇಬ್ಬರು ಹುಡುಗಿಯರು ಆಗಲೇ ಒಂದು ಪ್ರತಿಗಾಗಿ ಜಗ್ಗಾಡುತ್ತಿದ್ದರು.

“ಇದು ಮುಂದಿಂದು.”

“ಏ ಹುಚ್ಚಿ, ಇದು ಮುಂದಿಂದು. ನಿಂದು ಹಿಂದಿಂದು.”

“ನಿಮ್ಮ ಬಾಯಾರಿಗೇ ಕೇಳು ಬೇಕಾದ್ರ!”

ಕೇಳಲು ಯಾರೂ ಹೋಗಲಿಲ್ಲ. ಜಗ್ಗಾಟದಲ್ಲಿ ಪುಸ್ತಕ ಕೈ ತಪ್ಪಿ ನಡುವಿಗೇ ತೆರೆದು ಬಿತ್ತು. ಇಬ್ಬರೂ ಒಂದು ಕ್ಷಣ ಪಟ ನೋಡಿದರು. ಆಮೇಲೆ ಒಬ್ಬಳು ಎಡಗಡೆ, ಒಬ್ಬಳು ಬಲಗಡೆ ಕೂತು, ಹುಣಸೇಬೀಜ ಹುಡುಕಲು ಜೇಬಿಗೆ ಕೈ ಹಾಕಿದರು.